ಹುಲ್ಲುಹಾಸಿಗೆ ನೀರುಣಿಸುವ ಗಡಿಯಾರ

ಮಳೆ ಧಾರಾಕಾರವಾಗಿ ಸುರಿಯುತ್ತಿರುವಾಗ ಒಬ್ಬನು ಕೊಡೆ ಹಿಡಿದುಕೊಂಡು ತನ್ನ ತೋಟದ ಗಿಡಗಳಿಗೆ ನೀರೆರೆಯುತ್ತಿದ್ದರೆ ನೋಡಿದವರು ನಗದೆ ಇರಲಾರರು. ಆದರೆ ಅದೇ ಕೆಲಸವನ್ನು ಯಂತ್ರವೊಂದು ಮಾಡುವುದುಂಟು. ಅಮೆರಿಕದ ಊರುಗಳಲ್ಲಿ ಮನೆಯ ಮುಂದೆ ಹುಲ್ಲುಹಾಸು ಬೆಳೆಸುವುದು ವಾಡಿಕೆ. ಅದಕ್ಕೆ ನೀರುಣಿಸಲು ನೆಲದೊಳಗೆ ಕೊಳವೆಗಳನ್ನು ಹೂಳಿ, ಅಲ್ಲಲ್ಲಿ ಸ್ಪ್ರಿಂಕ್ಲರುಗಳನ್ನು ಕೂಡಿಸಿರುತ್ತಾರೆ. ಮನೆಯವರು ನಿದ್ರಿಸುತ್ತಿರುವಾಗಲೇ ಅವು ತಾವಾಗಿ ತುಂತುರು ನೀರನ್ನು ಚಿಮ್ಮುತ್ತವೆ. ಗೊತ್ತಾದ ಹೊತ್ತಿಗೆ ತಾವಾಗಿ ನಿಲ್ಲುತ್ತವೆ. ಮಳೆ ಬೀಳುತ್ತಿದ್ದರೂ ಕೆಲವು ಮನೆಗಳಲ್ಲಿ ಅವು ತಮ್ಮ ಕಾರ್ಯವನ್ನು ಬಿಡುವುದಿಲ್ಲ. ಇದು ಯಂತ್ರದ ತಪ್ಪೇ, ಅದಕ್ಕೆ ಆಜ್ಞೆಯಿತ್ತವರ ತಪ್ಪೇ? ಇದನ್ನು ತಿಳಿಯಬೇಕಾದರೆ ಆ ಯಂತ್ರವನ್ನು ಜೋಡಿಸುವ ಬಗೆಯನ್ನೂ ಅದಕ್ಕೆ ಕೆಲಸ ಒಪ್ಪಿಸುವ ಬಗೆಯನ್ನೂ ಅರಿಯಬೇಕು.

1933ರಲ್ಲಿ ಕ್ಯಾಲಿಫೋರ್ನಿಯದ ಗ್ಲೆಂಡೋರಾ ಎಂಬ ಊರಿನ ಬೆಳೆಗಾರ ಆರ್ಟನ್ ಎಂಗಲ್‌ಹಾರ್ಟ್, ನೀರಿನ ರಭಸದಿಂದಲೇ ತಟ್ಟಿಸಿಕೊಂಡು ಸುತ್ತ ತಿರುಗುವ ಸ್ಪ್ರಿಂಕ್ಲರನ್ನು ರೂಪಿಸಿದನು. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಹೂವರಳಿಸಲು ಬೇಸಗೆಯಲ್ಲಿ ಬಳಸುವ ಸ್ಪ್ರಿಂಕ್ಲರುಗಳೂ ಇದೇ ವಂಶಕ್ಕೆ ಸೇರಿದವು. ಅಲ್ಲಿ ನೀರನ್ನು ಬಿಡಲು, ನಿಲ್ಲಿಸಲು ಮನುಷ್ಯನೊಬ್ಬನು ನಿಂತಿರುತ್ತಾನೆ. ಮನೆಯ ಹುಲ್ಲುಹಾಸಿನಲ್ಲಿ ಆ ಮನುಷ್ಯನ ಕೆಲಸವನ್ನು ನಿಯಂತ್ರಕವು ವಹಿಸಿಕೊಂಡಿದೆ.

ಮೊದಲು ನೀರಿನ ಲೆಕ್ಕವನ್ನು ನೋಡೋಣ. ಮನೆಯ ನಲ್ಲಿಯ ಕೆಳಗೆ 15 ಲೀಟರಿನ ಬಕೆಟ್ಟು ಅರ್ಧ ನಿಮಿಷದಲ್ಲಿ ತುಂಬುವುದಾದರೆ, ಆ ಕೊಳವೆ ನಿಮಿಷಕ್ಕೆ 30 ಲೀಟರು ನೀರನ್ನು ಕೊಡಬಲ್ಲದು. ಒಂದು ಸ್ಪ್ರಿಂಕ್ಲರಿಗೆ ನಿಮಿಷಕ್ಕೆ 6 ಲೀಟರು ಬೇಕಾದರೆ, ಒಮ್ಮೆಗೆ ಐದಕ್ಕಿಂತ ಹೆಚ್ಚು ನಡೆಯಲಾರವು. ಒತ್ತಡ ಕುಗ್ಗದಿರಲೆಂದು ನಾಲ್ಕನ್ನೇ ನಡೆಸುವುದು ಲೇಸು. ಹುಲ್ಲುಹಾಸಿನಲ್ಲಿ ಇಪ್ಪತ್ತು ಸ್ಪ್ರಿಂಕ್ಲರುಗಳಿದ್ದರೆ ಅದನ್ನು ಐದು ಭಾಗಗಳಾಗಿ ವಿಂಗಡಿಸಿ, ಒಂದಾದ ಮೇಲೊಂದಕ್ಕೆ ನೀರು ಬಿಡಬೇಕು. ಪ್ರತಿಯೊಂದು ಭಾಗಕ್ಕೂ ಒಂದೊಂದು ಕವಾಟ ಇರುತ್ತದೆ.

ಈ ಕವಾಟದ ರಚನೆ ಬಹು ಸ್ವಾರಸ್ಯವಾದುದು. ಅದರೊಳಗೆ ರಬ್ಬರಿನ ಪೊರೆಯೊಂದಿದೆ. ಪೊರೆಯ ಕೆಳಗೂ ಮೇಲೂ ನೀರು ತುಂಬಿರುತ್ತದೆ. ಮೇಲಿನ ನೀರು ಪೊರೆಯ ಹೆಚ್ಚು ವಿಸ್ತಾರವಾದ ಭಾಗವನ್ನು ಒತ್ತುವುದರಿಂದ ದಾರಿ ಮುಚ್ಚಿರುತ್ತದೆ. ಕವಾಟದ ತಲೆಯಲ್ಲಿರುವ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಅದು ಅಯಸ್ಕಾಂತವಾಗಿ, ಪುಟ್ಟ ಕಬ್ಬಿಣದ ಕಡ್ಡಿಯೊಂದನ್ನು ಮೇಲಕ್ಕೆ ಸೆಳೆಯುತ್ತದೆ. ಆಗ ಸಣ್ಣ ರಂಧ್ರವೊಂದು ತೆರೆದು ಮೇಲಿನ ನೀರು ಹೊರಹೋಗುತ್ತದೆ. ಮೇಲಿನ ಒತ್ತಡ ತಗ್ಗಿದ ಕಾರಣ, ಕೆಳಗಿನ ನೀರೇ ಪೊರೆಯನ್ನೆತ್ತಿ ತನ್ನ ದಾರಿಯನ್ನು ಮಾಡಿಕೊಳ್ಳುತ್ತದೆ. ಅಂಕುಶವು ಆನೆಯನ್ನು ನಡೆಸುವಂತೆ ಅಲ್ಪ ವಿದ್ಯುತ್ತು ರಭಸದ ನೀರನ್ನು ಆಳುತ್ತದೆ.

ನಿಯಂತ್ರಕವನ್ನು ಮಳೆ ಬಿಸಿಲು ತಾಗದ ಗೋಡೆಯ ಮೇಲೆ ಕೂಡಿಸುತ್ತಾರೆ. ಅಮೆರಿಕದ ಮನೆಗಳಲ್ಲಿ ಬರುವ ವಿದ್ಯುತ್ತು 120 ವೋಲ್ಟಿನದು. ಒದ್ದೆ ನೆಲದಲ್ಲಿ ಅದನ್ನು ಹರಿಯಬಿಡುವುದು ಪ್ರಾಣಾಪಾಯ. ಆದುದರಿಂದ ಟ್ರಾನ್ಸ್‌ಫಾರ್ಮರೊಂದು ಅದನ್ನು 24 ವೋಲ್ಟಿಗೆ ಇಳಿಸಿ ಕವಾಟಗಳಿಗೆ ಕಳುಹಿಸುತ್ತದೆ. ಪ್ರತಿ ಕವಾಟದಿಂದ ಎರಡು ತಂತಿಗಳು ಹೊರಡುತ್ತವೆ. ಎಲ್ಲ ಕವಾಟಗಳ ಒಂದೊಂದು ತಂತಿಯನ್ನು ಒಂದೇ ಸಾಮಾನ್ಯ ತಂತಿಗೆ ಸೇರಿಸುತ್ತಾರೆ. ಉಳಿದ ತಂತಿಗಳನ್ನು ನಿಯಂತ್ರಕದಲ್ಲಿ ಅವುಗಳ ಸಂಖ್ಯೆಯುಳ್ಳ ತಿರುಪುಗಳಿಗೆ ಬಿಗಿಯುತ್ತಾರೆ. ಹೀಗಾಗಿ ಐದು ಕವಾಟಗಳಿಗೆ ಹತ್ತರ ಬದಲು ಆರೇ ತಂತಿಗಳು ಸಾಕು. ಮಣ್ಣಿನಲ್ಲಿ ಹೂಳುವ ಬೆಸುಗೆಗಳಿಗೆ ತೇವ ತಾಗದಂತೆ ಮುಚ್ಚಬೇಕು. ಮುಖ್ಯ ವಿದ್ಯುತ್ತಿನ ಜೋಡಣೆಯನ್ನು ಬಲ್ಲ ಕೆಲಸಗಾರನಿಂದಲೇ ಮಾಡಿಸಬೇಕು. ಗೊಬ್ಬರ, ಮಣ್ಣು ಬೆರೆತ ನೀರು ಹಿಂದಿರುಗಿ ಕುಡಿಯುವ ನೀರಿನ ಕೊಳವೆಯನ್ನು ಸೇರದಂತೆ ತಡೆಯುವ ಸಾಧನವೂ ಅವಶ್ಯ.

ಇನ್ನು ಕೆಲಸ ಒಪ್ಪಿಸುವ ವಿಷಯ. ನಿಯಂತ್ರಕವೆಂಬುದು ಮೂಲತಃ ಒಂದು ಗಡಿಯಾರ. ಅದಕ್ಕೆ ಮೂರೇ ಸಂಗತಿಗಳನ್ನು ತಿಳಿಸಬೇಕು: ಯಾವ ಯಾವ ದಿನ ನೀರು ಬಿಡಬೇಕು, ಎಷ್ಟು ಗಂಟೆಗೆ ಆರಂಭಿಸಬೇಕು, ಪ್ರತಿ ಭಾಗಕ್ಕೂ ಎಷ್ಟು ನಿಮಿಷ ಬಿಡಬೇಕು. ಆರಂಭಕ್ಕೆ ಬೆಳಗಿನ ಜಾವವೇ ತಕ್ಕ ಕಾಲ. ಆಗ ಗಾಳಿ ಕಡಮೆ; ನೀರು ಆವಿಯಾಗುವುದೂ ಕಡಮೆ. ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಬೂಷ್ಟಿನ ರೋಗ ಹತ್ತುತ್ತದೆ; ಬೆಳಗಿನಲ್ಲಾದರೋ ಬಿಸಿಲು ಎಲೆಯನ್ನು ಬೇಗ ಒಣಗಿಸುತ್ತದೆ.

ಇಲ್ಲಿ ಅನೇಕರು ಎಡವುವುದುಂಟು. ಆರಂಭದ ಗಂಟೆಯನ್ನು ಒಮ್ಮೆ ಮಾತ್ರ ಹೇಳಬೇಕು. ಐದು ಗಂಟೆಗೆ ಮೊದಲ ಭಾಗ ತೊಡಗಿದರೆ, ಹತ್ತು ಹತ್ತು ನಿಮಿಷಗಳಂತೆ ಉಳಿದವು ತಾವಾಗಿ ಹಿಂಬಾಲಿಸಿ, ಐದು ಗಂಟೆ ಐವತ್ತು ನಿಮಿಷಕ್ಕೆ ಕೆಲಸ ಮುಗಿಯುತ್ತದೆ. ಇದನ್ನರಿಯದವರು ಐದು ಭಾಗಗಳಿಗೆಂದು ಐದು ಆರಂಭಗಳನ್ನು ನಮೂದಿಸುತ್ತಾರೆ. ಆಗ ಅನೇಕ ನಿಯಂತ್ರಕಗಳು ಇಡೀ ಸುತ್ತನ್ನೇ ಐದು ಬಾರಿ ನಡೆಸುತ್ತವೆ! ನಾಲ್ಕು ಸ್ಪ್ರಿಂಕ್ಲರುಗಳುಳ್ಳ ಒಂದು ಭಾಗಕ್ಕೆ ನಿಮಿಷಕ್ಕೆ 24 ಲೀಟರು. ಹತ್ತು ನಿಮಿಷಕ್ಕೆ 240. ಐದು ಭಾಗಗಳಿಗೆ 1,200 ಲೀಟರು. ಸುತ್ತು ಐದು ಬಾರಿ ನಡೆದರೆ 6,000 ಲೀಟರು. ಸಣ್ಣದೊಂದು ತಪ್ಪಿನಿಂದ ಒಂದೇ ಬೆಳಗಿನಲ್ಲಿ 4,800 ಲೀಟರು ನೀರು ಪೋಲಾಗುತ್ತದೆ. ಗಡಿಯಾರವು ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿತು; ಆಜ್ಞೆಯೇ ತಪ್ಪಾಗಿತ್ತು.

ಎಷ್ಟು ನಿಮಿಷ ಸಾಕೆಂಬುದನ್ನು ಸುಲಭವಾಗಿ ಅಳೆಯಬಹುದು. ನೇರ ಅಂಚಿನ ಕೆಲವು ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು, ಹದಿನೈದು ನಿಮಿಷ ನೀರು ಬಿಟ್ಟು, ಸಂಗ್ರಹವಾದುದನ್ನು ಅಳತೆಪಟ್ಟಿಯಿಂದ ನೋಡಬೇಕು. ಸರಾಸರಿ 9 ಮಿಲಿಮೀಟರು ಬಂದಿದ್ದರೆ, ಹತ್ತು ನಿಮಿಷಕ್ಕೆ 6 ಮಿಲಿಮೀಟರು ಎಂದಾಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನಿಂತ ನೀರೆಂದರೆ ಸರಿಯಾಗಿ ಒಂದು ಲೀಟರು. ಜೇಡಿಮಣ್ಣು ನೀರನ್ನು ನಿಧಾನವಾಗಿ ಹೀರುತ್ತದೆ. ಅಂಥಲ್ಲಿ ಹತ್ತು ನಿಮಿಷವನ್ನು ಎರಡು ಐದು ನಿಮಿಷಗಳಾಗಿ ಒಡೆದು, ನಡುವೆ ಬಿಡುವು ಕೊಟ್ಟರೆ ನೀರು ಬೀದಿಗೆ ಹರಿಯದು.

ಮಳೆಯನ್ನು ಅರಿಯದ ಗಡಿಯಾರಕ್ಕೆ ಮಳೆಯ ಅರಿವನ್ನು ಕೊಡುವ ಸಾಧನವೂ ಉಂಟು. ಅದರಲ್ಲಿ ನೀರು ಹೀರಿ ಉಬ್ಬುವ ಬಿಲ್ಲೆಗಳಿರುತ್ತವೆ. ಮಳೆ ಬಂದಾಗ ಅವು ಉಬ್ಬಿ ಗುಂಡಿಯೊಂದನ್ನು ಒತ್ತಿ, ಕವಾಟಗಳಿಗೆ ಹೋಗುವ ವಿದ್ಯುತ್ತನ್ನು ಕಡಿಯುತ್ತವೆ. ಒಣಗಿದ ಮೇಲೆ ಕುಗ್ಗಿ ಮತ್ತೆ ಜೋಡಿಸುತ್ತವೆ. ಹವೆಯ ಸ್ಥಿತಿಯನ್ನು ತಿಳಿದು ತಾವೇ ನಿಮಿಷಗಳನ್ನು ಹೆಚ್ಚು ಕಡಮೆ ಮಾಡಿಕೊಳ್ಳುವ ನಿಯಂತ್ರಕಗಳೂ ಈಗ ಬಂದಿವೆ.

ಅಮೆರಿಕದ ಮನೆಗಳಲ್ಲಿ ಹೊರಾಂಗಣಕ್ಕೆಂದು ದಿನಕ್ಕೆ ಸುಮಾರು 3,400 ಕೋಟಿ ಲೀಟರು ನೀರು ವೆಚ್ಚವಾಗುತ್ತದೆಂದೂ, ನೆಲಕ್ಕೆ ಬಿಡುವ ನೀರಿನಲ್ಲಿ ಅರ್ಧದವರೆಗೆ ಗಾಳಿ, ಆವಿ, ಹರಿವುಗಳ ಪಾಲಾಗಬಹುದೆಂದೂ ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿದೆ. ಇದು ದೂರದ ದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2024ರ ಮಾರ್ಚ್ ತಿಂಗಳಲ್ಲಿ ನೀರಿನ ಅಭಾವ ತಲೆದೋರಿದಾಗ, ಬೆಂಗಳೂರು ಜಲಮಂಡಳಿಯು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಕುಡಿಯುವ ನೀರನ್ನು ಬಳಸಕೂಡದೆಂದು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಒಬ್ಬರ ಹುಲ್ಲಿನ ಮೇಲೆ ವ್ಯರ್ಥವಾಗಿ ಹರಿದ ನೀರು ಮತ್ತೊಬ್ಬರ ಬಿಂದಿಗೆಯನ್ನು ತುಂಬಬೇಕಾದ ನೀರು.

ಯಂತ್ರಕ್ಕೆ ಬಾಯಾರಿಕೆಯಿಲ್ಲ; ಆದುದರಿಂದ ನೀರಿನ ಬೆಲೆಯೂ ಅದಕ್ಕೆ ತಿಳಿಯದು. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು; ಹೊಣೆಯನ್ನು ಒಪ್ಪಿಸಲಾಗದು. ಗಡಿಯಾರಕ್ಕೆ ಕೀಲಿ ಕೊಟ್ಟವನು ಆಗಾಗ ಎದ್ದು ಆಕಾಶವನ್ನೂ ನೆಲವನ್ನೂ ನೋಡುತ್ತಿರಬೇಕು.