ಮೊಳೆಯದ ಆಲೂಗಡ್ಡೆಯ ಗುಟ್ಟು

ಅಡುಗೆಮನೆಯ ಬುಟ್ಟಿಯಲ್ಲಿ ಆಲೂಗಡ್ಡೆಯನ್ನು ಕೆಲವು ವಾರ ಬಿಟ್ಟರೆ ಅದರ ಕಣ್ಣುಗಳಲ್ಲಿ ಮೊಳಕೆ ಇಣುಕುವುದನ್ನು ನೀವು ನೋಡಿರುತ್ತೀರಿ. ಅಗೆದ ಮೇಲೆ ಕೆಲಕಾಲ ನಿದ್ರಿಸಿ, ಬಳಿಕ ಎಚ್ಚರಗೊಳ್ಳುವುದು ಗಡ್ಡೆಯ ಸಹಜ ಗುಣ. ಹಾಗಿದ್ದರೆ ಉತ್ತರ ಭಾರತದಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ಅಗೆದ ಗಡ್ಡೆ ದೀಪಾವಳಿಯ ಹೊತ್ತಿಗೂ ಮೊಳೆಯದೆ ಉಳಿಯುವುದು ಹೇಗೆ?

ಒಂದು ಉಪಾಯ ಚಳಿ. ಶೀತಲಗೃಹದಲ್ಲಿ 2ರಿಂದ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಟ್ಟರೆ ಗಡ್ಡೆ ಮೊಳೆಯುವುದಿಲ್ಲ. ಆದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ರುಚಿ ಸಿಹಿಯಾಗುತ್ತದೆ, ಚಿಪ್ಸ್ ಕರಿದರೆ ಕಪ್ಪಾಗುತ್ತದೆ. ಆದ್ದರಿಂದ ಚಿಪ್ಸ್‌ಗೆ ಬೇಕಾದ ಗಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿ ಇಡುತ್ತಾರೆ. ಆ ಹದದಲ್ಲಿ ಮೊಳಕೆಯನ್ನು ತಡೆಯಲು ರಾಸಾಯನಿಕ ಬೇಕಾಗುತ್ತದೆ. ಅದರಲ್ಲಿ ಮುಖ್ಯವಾದದ್ದು ಕ್ಲೋರ್‌ಪ್ರೊಫಾಮ್, ಅಂದರೆ ಸಿ.ಐ.ಪಿ.ಸಿ. ಇದನ್ನು ಕಾಯಿಸಿ ಮಂಜಿನಂತೆ ರಾಶಿಯ ನಡುವೆ ಹಾಯಿಸುತ್ತಾರೆ. ಮೊಳಕೆಯ ಜೀವಕೋಶಗಳು ವಿಭಜನೆಯಾಗದಂತೆ ಅದು ತಡೆಯುತ್ತದೆ.

ಈ ಔಷಧಿಯ ಅಂಶ ಗಡ್ಡೆಯ ಮೇಲೆ ಎಷ್ಟು ಉಳಿಯಬಹುದು? ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ನಿಗದಿ ಮಾಡಿದ ಮಿತಿ ಕಿಲೋಗ್ರಾಂಗೆ 30 ಮಿಲಿಗ್ರಾಂ. ಯುರೋಪಿನ ಒಕ್ಕೂಟದಲ್ಲಿ ಅದು 10 ಇತ್ತು. ಈ ಔಷಧಿ ಒಡೆದಾಗ ಹುಟ್ಟುವ 3-ಕ್ಲೋರೋಅನಿಲಿನ್ ಎಂಬ ವಸ್ತುವಿನ ಬಗೆಗೂ ಅಲ್ಲಿನ ತಜ್ಞರು ಆತಂಕ ವ್ಯಕ್ತಪಡಿಸಿದರು. 2019ರಲ್ಲಿ ಒಕ್ಕೂಟ ಅದರ ಪರವಾನಗಿಯನ್ನು ನವೀಕರಿಸಲಿಲ್ಲ. 2020ರ ಅಕ್ಟೋಬರಿಗೆ ಬಳಕೆ ನಿಂತಿತು. ಆದರೂ 2021ರಲ್ಲಿ 0.4 ಮಿಲಿಗ್ರಾಂನ ತಾತ್ಕಾಲಿಕ ಮಿತಿಯನ್ನು ಇರಿಸಬೇಕಾಯಿತು. ಕಾರಣವೇನೆಂದರೆ, ವರ್ಷಗಟ್ಟಲೆ ಬಳಸಿದ ಔಷಧಿ ಉಗ್ರಾಣಗಳ ಗೋಡೆ, ನೆಲ, ಪೆಟ್ಟಿಗೆಗಳಲ್ಲಿ ಇಂಗಿತ್ತು. ಔಷಧಿ ತಾಕದ ಹೊಸ ಗಡ್ಡೆಗೂ ಅದು ಅಲ್ಲಿಂದ ಅಂಟುತ್ತಿತ್ತು.

ಇದರಿಂದ ನಮ್ಮ ರೈತರು ಕಲಿಯಬೇಕಾದ ಪಾಠವೂ ಒಂದಿದೆ. ಹಾಸನದ ಮುಂಗಾರು ಬೆಳೆಗೆ ಬಿತ್ತನೆ ಗಡ್ಡೆ ಬರುವುದು ಬಹುಮಟ್ಟಿಗೆ ಪಂಜಾಬಿನಿಂದ. ಅಗ್ಗವೆಂದು ತಿನ್ನುವ ಗಡ್ಡೆಯನ್ನೇ ಬಿತ್ತಿದರೆ, ಅದಕ್ಕೆ ಈ ಔಷಧಿ ತಾಕಿದ್ದಲ್ಲಿ ಹೊಲದಲ್ಲಿ ಮೊಳಕೆಯೇ ಏಳದಿರಬಹುದು. ಔಷಧಿ ಹಾಯಿಸಿದ ಕೊಠಡಿಯಲ್ಲಿ ಬಿತ್ತನೆ ಗಡ್ಡೆ ಇಡುವುದೂ ಅಪಾಯವೇ. ಶೀತಲಗೃಹದವರನ್ನು ಈ ಬಗ್ಗೆ ಕೇಳಿ ತಿಳಿದುಕೊಳ್ಳಿ.

ಇನ್ನು ಅಡುಗೆಮನೆಯ ಮಾತು. ಯಾವ ಗಡ್ಡೆಗೆ ಔಷಧಿ ಹಾಯಿಸಿದ್ದಾರೆಂದು ಕಣ್ಣಿನಿಂದ ನೋಡಿ ಹೇಳಲಾಗದು. ಆದರೆ ಅದು ಹೆಚ್ಚಾಗಿ ನಿಲ್ಲುವುದು ಸಿಪ್ಪೆಯಲ್ಲಿ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬರೀ ತೊಳೆದಾಗ ಹೋದದ್ದು ಮೂರರಲ್ಲೊಂದು ಪಾಲಿನಿಂದ ಸುಮಾರು ಅರ್ಧದಷ್ಟು. ಸಿಪ್ಪೆ ತೆಗೆದಾಗ ಶೇಕಡ 90ಕ್ಕೂ ಹೆಚ್ಚು. ಆದ್ದರಿಂದ ಚೆನ್ನಾಗಿ ತೊಳೆಯಿರಿ, ಸಿಪ್ಪೆ ಹೆರೆದು ಬೇಯಿಸಿ. ಇಡಿಯಾಗಿ ಬೇಯಿಸಿದ್ದರೆ ಸಿಪ್ಪೆಯ ಜೊತೆಗೆ ಆ ನೀರನ್ನೂ ಚೆಲ್ಲಿಬಿಡಿ.

ಹಾಗೆಂದು ಹಸಿರಾದ, ಉದ್ದುದ್ದ ಮೊಳಕೆಯೊಡೆದ ಗಡ್ಡೆ ಒಳ್ಳೆಯದೆಂದು ತಿಳಿಯಬೇಡಿ. ಅದರಲ್ಲಿ ಸೊಲನಿನ್ ಎಂಬ ವಿಷ ಹೆಚ್ಚಿರುತ್ತದೆ. ಬೇಕಾದಷ್ಟೇ ಕೊಂಡು, ಕತ್ತಲೆಯ, ಗಾಳಿಯಾಡುವ ಜಾಗದಲ್ಲಿಟ್ಟು, ಬೇಗನೆ ಬಳಸುವುದೇ ಜಾಣತನ.