ಎಲೆಯಲ್ಲಿ ಉಳಿದ ನೀರಿನ ಲೆಕ್ಕ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆ ವರ್ಷ ಏರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸಂದುವು. ಇಲ್ಲಿ ವರ್ಷವೆಲ್ಲ ಹರಿಯುವ ಹೊಳೆ ಒಂದೂ ಇಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಸೀಮೆಯನ್ನು ಹಾಯುವ ಉತ್ತರ ಪಿನಾಕಿನಿಯೂ ಮಳೆಯನ್ನೇ ನಂಬಿದ ನದಿ. ಹಿಂದೆ ಕೆರೆಗಳೂ, ಈಚೆಗೆ ಆಳವಾದ ಕೊಳವೆಬಾವಿಗಳೂ ಇಲ್ಲಿಯ ರಾಗಿ, ನೆಲಗಡಲೆ, ಹಿಪ್ಪುನೇರಳೆಗಳನ್ನು ಸಲಹಿರುವುವು. ಆದುದರಿಂದ, ಒಂದು ಕೊಡ ನೀರಿಗೆ ಯಾವ ಗಿಡ ಎಷ್ಟು ಪ್ರತಿಫಲವನ್ನು ಕೊಟ್ಟೀತು ಎಂಬುದು ಈ ನಾಡಿಗೆ ಜೀವನದ ಪ್ರಶ್ನೆ.

ಸಸ್ಯವು ಬಿಸಿಲಿನ ಬಲದಿಂದ ಗಾಳಿಯ ಇಂಗಾಲಾಮ್ಲವನ್ನು ಆಹಾರವಾಗಿ ಮಾರ್ಪಡಿಸಿಕೊಳ್ಳುವ ಕ್ರಿಯೆಗೆ ದ್ಯುತಿಸಂಶ್ಲೇಷಣೆಯೆಂದು ಹೆಸರು. ಆ ವಾಯು ಒಳಬರಬೇಕಾದರೆ ಎಲೆಯ ಸೂಕ್ಷ್ಮರಂಧ್ರಗಳು ತೆರೆಯಬೇಕು. ತೆರೆದೊಡನೆ ಒಳಗಿನ ನೀರು ಆವಿಯಾಗಿ ಹೊರಬೀಳುವುದು. ಬಾಯಿ ಮುಚ್ಚಿದರೆ ಹಸಿವು, ತೆರೆದರೆ ಬಾಯಾರಿಕೆ. ಈ ಇಕ್ಕಟ್ಟನ್ನು ಯಾವ ತಳಿ ಹೇಗೆ ನಿರ್ವಹಿಸಿತೆಂದು ಹೊಲದಲ್ಲಿ ದಿನದಿನವೂ ಅಳೆಯುವುದು ದುಸ್ಸಾಧ್ಯ. ಆದರೆ ಗಿಡವೇ ಅದರ ಲೆಕ್ಕವನ್ನು ತನ್ನ ಎಲೆಯಲ್ಲಿ ಬರೆದಿಡುವುದು.

ಗಾಳಿಯಲ್ಲಿರುವ ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು ಒಂದು ಮಾತ್ರ ಉಳಿದವುಗಳಿಗಿಂತ ತುಸು ಭಾರವಾದುದು. ನೆಲಗಡಲೆ, ಹಿಪ್ಪುನೇರಳೆಗಳಂತಹ ಸಸ್ಯಗಳಲ್ಲಿ ಇಂಗಾಲವನ್ನು ಹಿಡಿಯುವ ಕಿಣ್ವವು ಹಗುರವಾದುದನ್ನೇ ಹೆಚ್ಚಾಗಿ ಆಯ್ದುಕೊಳ್ಳುವುದು. ಎಲೆಯೊಳಗೆ ವಾಯು ಧಾರಾಳವಾಗಿದ್ದರೆ ಈ ಆಯ್ಕೆ ಬಲವಾಗಿಯೂ, ಕೊರತೆಯಾದರೆ ಸಡಿಲವಾಗಿಯೂ ನಡೆಯುವುದು. ಆದುದರಿಂದ ಒಣಗಿದ ಎಲೆಯಲ್ಲಿ ಭಾರದ ಇಂಗಾಲ ಹೆಚ್ಚಿದ್ದಷ್ಟೂ ಗಿಡವು ನೀರನ್ನು ಮಿತವಾಗಿ ಬಳಸಿತೆಂದು ಊಹಿಸಬಹುದು. ಈ ತತ್ತ್ವವನ್ನು ಫರ್ಕ್ವಾರ್, ಓಲಿಯರಿ, ಬೆರಿ ಎಂಬ ಮೂವರು 1982ರಲ್ಲಿ ಗಣಿತರೂಪದಲ್ಲಿ ನಿರೂಪಿಸಿದರು.

ಆದರೆ ಇಲ್ಲೊಂದು ತೊಡಕುಂಟು. ಎಲೆಯೊಳಗಿನ ವಾಯು ಎರಡು ಬಗೆಯಿಂದ ಕಡಮೆಯಾಗಬಹುದು: ರಂಧ್ರಗಳು ಮುಚ್ಚಿಕೊಂಡು, ಇಲ್ಲವೆ ಒಳಗಿನ ಯಂತ್ರವು ಚುರುಕಾಗಿ ದುಡಿದು. ಮೊದಲನೆಯದು ಜಿಪುಣನ ಉಳಿತಾಯ. ನೀರು ಉಳಿದರೂ ಬೆಳೆ ಕುಗ್ಗುವುದು. ಎರಡನೆಯದು ಜಾಣ ಒಕ್ಕಲಿಗನ ಉಳಿತಾಯ. ಇಂಗಾಲವೊಂದೇ ಈ ಎರಡನ್ನು ಬೇರ್ಪಡಿಸಿ ತೋರಿಸಲಾರದು.

ಈ ತೊಡಕನ್ನು ಬಿಡಿಸಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಬೆಳೆ ಶರೀರಕ್ರಿಯಾ ಶಾಸ್ತ್ರ ವಿಭಾಗದಲ್ಲಿ ಎಂ. ಉದಯಕುಮಾರ್, ಎಂ. ಎಸ್. ಶೇಷಶಾಯಿ ಮೊದಲಾದವರು ಆಮ್ಲಜನಕದ ನೆರವನ್ನು ಪಡೆದರು. ನೀರು ಆವಿಯಾಗುವಾಗ ಹಗುರವಾದ ಆಮ್ಲಜನಕವುಳ್ಳ ಕಣಗಳು ಮೊದಲು ಹಾರಿಹೋಗಿ, ಭಾರವಾದುವು ಎಲೆಯಲ್ಲಿ ಉಳಿಯುವುವು. ಅವುಗಳ ಗುರುತು ಗಿಡದ ದ್ರವ್ಯದಲ್ಲಿಯೂ ನಿಲ್ಲುವುದು. ಒಂದೇ ವಾತಾವರಣದಲ್ಲಿ ಬೆಳೆದ ತಳಿಗಳಲ್ಲಿ ಈ ಗುರುತು ಬಾಷ್ಪವಿಸರ್ಜನೆಯ ಪ್ರಮಾಣವನ್ನು ಸೂಚಿಸುವುದೆಂದು 2005ರಲ್ಲಿ ಅವರು ಪ್ರಕಟಪಡಿಸಿದರು. ಗಾಳಿಯ ಶುಷ್ಕತೆ ಬದಲಾದರೆ ಈ ಸಂಬಂಧವೂ ಬದಲಾಗುವುದರಿಂದ, ಬೇರೆಬೇರೆ ಹವೆಯಲ್ಲಿ ಬೆಳೆದುವನ್ನು ಹೋಲಿಸುವುದು ಸಲ್ಲದು. ಎರಡು ಗುರುತುಗಳನ್ನೂ ಕೂಡಿಸಿ ಓದಿದಾಗ ಜಿಪುಣ ಯಾವುದು, ಜಾಣ ಯಾವುದು ಎಂಬುದು ಗೊತ್ತಾಗುವುದು.

ರಾಗಿಯ ವಿಷಯ ಬೇರೆ. ಅದರ ಎಲೆಯಲ್ಲಿ ಮತ್ತೊಂದು ಕಿಣ್ವವು ಇಂಗಾಲಾಮ್ಲವನ್ನು ಮೊದಲು ಹಿಡಿದು, ನಾಳಗಳ ಸುತ್ತಣ ಕೋಶಗಳಲ್ಲಿ ದಟ್ಟವಾಗಿ ಕೂಡಿಸುವುದು. ಅದರಿಂದಲೇ ರಾಗಿಯು ಅಲ್ಪ ನೀರಿನಲ್ಲಿ ಹೆಚ್ಚು ಆಹಾರವನ್ನು ಕಟ್ಟಬಲ್ಲುದು. ಆದರೆ ಅದೇ ಕಾರಣದಿಂದ ಇಂಗಾಲದ ಗುರುತು ಅದರಲ್ಲಿ ಮಂಕಾಗುವುದು. ಒಂದು ಬೆಳೆಗೆ ಒಪ್ಪುವ ಅಳತೆ ಮತ್ತೊಂದಕ್ಕೆ ಹಾಗೆಯೇ ಒಪ್ಪದೆಂಬುದಕ್ಕೆ ಇದೇ ದೃಷ್ಟಾಂತ.

ಈ ಸಂಶೋಧನೆಯಿಂದ ಮಳೆ ಹೆಚ್ಚದು, ಬತ್ತಿದ ಬಾವಿಯೂ ತುಂಬದು. ಸಂಕರಕ್ಕೆ ಯಾವ ತಳಿಯನ್ನು ಆಯಬೇಕೆಂಬ ವಿವೇಕವನ್ನು ಮಾತ್ರ ಅದು ಕೊಡಬಲ್ಲುದು. ಬರವನ್ನು ಬದುಕಿ ಉಳಿಯುವ ಗಿಡವೇ ಬೇರೆ, ಬರದಲ್ಲಿಯೂ ಉಣಿಸುವ ಗಿಡವೇ ಬೇರೆ. ರೈತನಿಗೆ ಬೇಕಾದುದು ಎರಡನೆಯದು.