ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು

ಹಿಂದಿನ ಕಾಲದ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತ, ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದಷ್ಟೇ ಸಂಗೀತವನ್ನು ಹಿಡಿಯುತ್ತಿದ್ದಿತು. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ನಮ್ಮ ವಿದ್ವಾಂಸರು ಆ ಅಳತೆಗೆ ಮಡಿಸಿಟ್ಟು ಹಾಡಿದ ತಟ್ಟೆಗಳನ್ನು ಕೇಳಿದವರಿಗೆ ಆ ಇಕ್ಕಟ್ಟು ಎಂಥದೆಂಬುದು ಗೊತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ ಎಲ್‌ಪಿಯನ್ನು ತಂದಾಗ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕ ಅವಕಾಶ ದೊರೆಯಿತು. ಆದರೆ ಜನಪ್ರಿಯ ಗೀತಗಳ ಗಾಯಕರಲ್ಲಿ ಹೆಚ್ಚಿನವರು ಆ ವಿಶಾಲವಾದ ಹಜಾರದಲ್ಲಿಯೂ ಮೂರು ನಿಮಿಷದ ಹಾಡುಗಳನ್ನೇ ಐದಾರರಂತೆ ಸಾಲಾಗಿ ಜೋಡಿಸಿಟ್ಟರು. ಮಗ್ಗುಲನ್ನೆಲ್ಲ ಒಂದೇ ಕೃತಿಯಿಂದ ತುಂಬಬೇಕೆಂಬ ಸಂಕಲ್ಪವನ್ನು ವ್ರತದಂತೆ ಹಿಡಿದವರು ಇಂಗ್ಲೆಂಡಿನ ಕೆಲವು ತರುಣ ರಾಕ್ ವಾದಕರು. ಪ್ರೋಗ್ರೆಸ್ಸಿವ್ ರಾಕ್ ಎಂದು ಹೆಸರಾದ ಅವರ ಸಂಗೀತದ ವೈಭವಕಾಲ, ಸ್ಥೂಲವಾಗಿ, 1969ರಿಂದ 1976ರವರೆಗಿನದು.

ಈ ದಾರಿಯ ಹೆಬ್ಬಾಗಿಲು 1969ರ ಅಕ್ಟೋಬರಿನಲ್ಲಿ ಹೊರಬಂದ, ಕಿಂಗ್ ಕ್ರಿಮ್ಸನ್ ತಂಡದ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಎಂಬ ಆಲ್ಬಮ್. ಅದರಲ್ಲಿ ಹತ್ತಾರು ಪಿಟೀಲುಗಳು ಏಕಕಾಲಕ್ಕೆ ಮೊರೆದಂಥ ಗಂಭೀರನಾದವೊಂದು ಏಳುತ್ತದೆ. ಆದರೆ ಅಲ್ಲಿ ಪಿಟೀಲು ಹಿಡಿದವರು ಒಬ್ಬರೂ ಇಲ್ಲ. ಅದು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದ ಮೆಲೊಟ್ರಾನ್ ಎಂಬ ಯಂತ್ರವಾದ್ಯದ ಸೋಜಿಗ. ಅದರ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಆ ಪಟ್ಟಿಯಲ್ಲಿ ನಿಜವಾದ ಪಿಟೀಲಿನದೋ ಕೊಳಲಿನದೋ ಒಂದೇ ಒಂದು ಸ್ವರವನ್ನು ಮುದ್ರಿಸಿಟ್ಟಿರುತ್ತಾರೆ. ಕೀಲಿಯನ್ನೊತ್ತಿದರೆ ಟೇಪು ಜರುಗಿ ಸ್ವರ ಹೊರಡುತ್ತದೆ. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿದು ದನಿ ತಟ್ಟನೆ ಕಡಿದುಹೋಗುತ್ತದೆ. ಬೆರಳೆತ್ತಿದೊಡನೆ ಸ್ಪ್ರಿಂಗು ಅದನ್ನು ಸ್ವಸ್ಥಾನಕ್ಕೆ ಎಳೆದುಕೊಳ್ಳುತ್ತದೆ. ಆದುದರಿಂದ ನಾದವನ್ನು ದೀರ್ಘವಾಗಿ ಹಿಡಿಯಬೇಕಾದ ವಾದಕನು, ದೀಪ ಆರುವ ಮುನ್ನ ಬತ್ತಿಯನ್ನು ಮುಂದಕ್ಕೆ ತಳ್ಳುವವರಂತೆ, ಕಾಲವರಿತು ಬೆರಳುಗಳನ್ನು ಎತ್ತಿ ಎತ್ತಿ ಇಡುತ್ತಿರಬೇಕು. ಟೇಪಿನ ಸಣ್ಣ ಅಲುಗಾಟದಿಂದ ಸ್ವರ ಕೊಂಚ ನಡುಗುವುದೂ ಉಂಟು. ಆ ನಡುಕವೇ ಅದರ ದನಿಗೊಂದು ಕರುಣೆಯ ಛಾಯೆಯನ್ನು ಕೊಟ್ಟಿತು.

ಮುಂದಿನ ಕೆಲವೇ ವರ್ಷಗಳಲ್ಲಿ ಈ ಬಳಗ ಬೆಳೆಯಿತು. ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡದವರು 1971ರಲ್ಲಿ ರಷ್ಯದ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ ಕೃತಿಯನ್ನು ರಾಕ್ ವಾದ್ಯಗಳ ಮೇಲೆ ನುಡಿಸಿದರು. 1972ರಲ್ಲಿ ಜೆಥ್ರೋ ಟಲ್ ತಂಡ ‘ಥಿಕ್ ಆಸ್ ಎ ಬ್ರಿಕ್’ ಎಂಬ ಒಂದೇ ಹಾಡನ್ನು ಎರಡು ಮಗ್ಗುಲಿಗೂ ಹಬ್ಬಿಸಿತು. ಚಾರ್ಟರ್‌ಹೌಸ್ ಶಾಲೆಯ ಸಹಪಾಠಿಗಳು ಕಟ್ಟಿದ ಜೆನೆಸಿಸ್ ತಂಡ ಅದೇ ವರ್ಷ ‘ಸಪ್ಪರ್ಸ್ ರೆಡಿ’ ಎಂಬ ಇಪ್ಪತ್ತುಮೂರು ನಿಮಿಷದ ಕಥನವನ್ನು ಹಾಡಿತು. 1973ರಲ್ಲಿ ಬಂದ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರೊಳಗೆ 741 ವಾರಗಳನ್ನು ಕಳೆಯಿತು. ಅದರಲ್ಲಿರುವ ‘ಮನಿ’ ಎಂಬ ಹಾಡು ನಾಣ್ಯಗಳ ಝಣತ್ಕಾರದಿಂದಲೂ ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದಿನಿಂದಲೂ ಮೊದಲಾಗಿ ಏಳು ಎಣಿಕೆಯ ಆವರ್ತದಲ್ಲಿ ನಡೆಯುತ್ತದೆ. ಮಿಶ್ರಛಾಪು ಬಲ್ಲ ಕೈ ಅಲ್ಲಿ ತಾನಾಗಿಯೇ ತಾಳ ಹಾಕತೊಡಗುತ್ತದೆ.

ಆದರೆ ಒಂದು ಮಗ್ಗುಲಿನ ಅಳತೆಯನ್ನು ನಿಜವಾಗಿ ತುಂಬಿದ ಕೃತಿ ಯಾವುದೆಂದು ಯಾರಾದರೂ ಕೇಳಿದರೆ, ನಾನು ‘ಯೆಸ್’ ತಂಡದವರ ‘ಕ್ಲೋಸ್ ಟು ದ ಎಡ್ಜ್’ ಅನ್ನು ಹೆಸರಿಸುತ್ತೇನೆ. 1972ರ ಸೆಪ್ಟೆಂಬರಿನಲ್ಲಿ ಬಂದ ಈ ಆಲ್ಬಮ್ಮಿನ ಮೊದಲ ಮಗ್ಗುಲಿಡೀ ಅದೇ ಹೆಸರಿನ ಹದಿನೆಂಟು ನಿಮಿಷಕ್ಕೂ ಮಿಕ್ಕ ರಚನೆ. ಹಕ್ಕಿಗಳ ಚಿಲಿಪಿಲಿಯೂ ಹರಿಯುವ ನೀರಿನ ಸದ್ದೂ ಮೆಲ್ಲಮೆಲ್ಲನೆ ಏರುತ್ತಿರುವಾಗ, ಸ್ಟೀವ್ ಹೌನ ಗಿಟಾರು, ಕ್ರಿಸ್ ಸ್ಕ್ವೈರನ ಬಾಸು, ಬಿಲ್ ಬ್ರೂಫರ್ಡನ ಮದ್ದಳೆಗಳು ಒಂದೊಂದೂ ತನ್ನ ದಾರಿ ತನಗೆಂಬಂತೆ ಧುಮ್ಮಿಕ್ಕುತ್ತವೆ. ಈ ಕೋಲಾಹಲದ ನಡುವೆ ಕಂಠಗಳೆಲ್ಲ ಕೂಡಿ ಒಂದು ಉದ್ಗಾರವೆತ್ತಿದೊಡನೆ ಎಲ್ಲವೂ ಸ್ತಬ್ಧವಾಗುತ್ತದೆ. ಮೊದಲ ಸಲ ಕೇಳಿದವರಿಗೆ ಗೊಂದಲವೆನಿಸುವ ಈ ಆರಂಭದೊಳಗೆ, ಮುಂದೆ ಅರಳಲಿರುವ ರಾಗಸೂತ್ರಗಳು ಬೀಜರೂಪದಲ್ಲಿ ಇವೆಯೆಂಬುದು ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ತಿಳಿಯುತ್ತದೆ. ನಡುಭಾಗದಲ್ಲಿ ವೇಗವೆಲ್ಲ ಇಳಿದು, ಜಾನ್ ಆಂಡರ್ಸನ್ನನ ಎಳೆಯ ಕಂಠ ಮೇಲೇಳುತ್ತದೆ. ಆಮೇಲೆ ಲಂಡನ್ನಿನ ಸೇಂಟ್ ಜೈಲ್ಸ್ ಇಗರ್ಜಿಯ ಪೈಪ್ ಆರ್ಗನ್ ಮೇಲೆ ರಿಕ್ ವೇಕ್‌ಮನ್ ನುಡಿಸಿದ ಮಹಾನಾದ. ಕಡೆಗೆ ಮೊದಲಿನ ಪಲ್ಲವಿ ಪುಷ್ಟವಾಗಿ ಮರಳಿಬಂದು, ಮತ್ತೆ ಹೊಳೆಯ ದನಿಯಲ್ಲಿ ಕರಗುತ್ತದೆ.

ಆ ಹೊಳೆ ಬಂದದ್ದು ಪುಸ್ತಕವೊಂದರಿಂದ. ಆಂಡರ್ಸನ್ನನಿಗೆ ಈ ರಚನೆಯ ಸ್ಫೂರ್ತಿ ಹರ್ಮನ್ ಹೆಸ್ಸೆಯು 1922ರಲ್ಲಿ ಪ್ರಕಟಿಸಿದ ‘ಸಿದ್ಧಾರ್ಥ’ ಕಾದಂಬರಿ. ಅಂಬಿಗ ವಾಸುದೇವನಿಂದ ಹೊಳೆಗೆ ಕಿವಿಗೊಡುವುದನ್ನು ಕಲಿತವನ ಕಥೆ ಅದು. ಹೆಸ್ಸೆಗೆ ಭಾರತವು ಕೇವಲ ಪುಸ್ತಕದ ದೇಶವಾಗಿರಲಿಲ್ಲ. ಅವನ ಮಾತಾಮಹ ಹರ್ಮನ್ ಗುಂಡರ್ಟನು ಮಲಯಾಳ ನಿಘಂಟನ್ನು ರಚಿಸಿದವನು. ತಂದೆ ಯೊಹಾನೆಸ್ ಹೆಸ್ಸೆಯು ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ಮಂಗಳೂರಿನಲ್ಲಿ ಕೆಲವು ವರ್ಷ ದುಡಿದು, ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಹಿಂದಿರುಗಿದವನು. ಆ ಮನೆಯಲ್ಲಿ ಬೆಳೆದ ಮಗ ಬರೆದ ಹೊಳೆ, ಐವತ್ತು ವರ್ಷದ ತರುವಾಯ ಲಂಡನ್ನಿನ ಧ್ವನಿಮುದ್ರಣಶಾಲೆಯಲ್ಲಿ ಹರಿಯಿತು.

ಇದೇ ಆಂಡರ್ಸನ್ನನು ಮರುವರ್ಷ ಇನ್ನೂ ದೂರ ನಡೆದನು. 1973ರ ಮಾರ್ಚಿನಲ್ಲಿ ಬ್ರೂಫರ್ಡನ ಮದುವೆಯ ಔತಣದಲ್ಲಿ ಕಿಂಗ್ ಕ್ರಿಮ್ಸನ್ನಿನ ಜೇಮೀ ಮ್ಯೂರ್ ಎಂಬ ವಾದಕನು ಪರಮಹಂಸ ಯೋಗಾನಂದರ ಆತ್ಮಕಥೆಯ ಪ್ರಸ್ತಾಪವೆತ್ತಿದನಂತೆ. ಆ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ಶಾಸ್ತ್ರಗಳ ನಾಲ್ಕು ವರ್ಗಗಳಾದ ಶ್ರುತಿ, ಸ್ಮೃತಿ, ಪುರಾಣ, ತಂತ್ರಗಳ ವಿವರಣೆಯಿದೆ. ಅದನ್ನಾಧರಿಸಿ ನಾಲ್ಕು ಮಗ್ಗುಲಿಗೆ ನಾಲ್ಕು ರಚನೆಗಳುಳ್ಳ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’ ಹುಟ್ಟಿತು. ಇಂಗ್ಲೆಂಡಿನ ಪಟ್ಟಿಯಲ್ಲಿ ಅದು ಅಗ್ರಸ್ಥಾನಕ್ಕೇರಿತು. ಆದರೆ ಎಂಬತ್ತು ನಿಮಿಷಕ್ಕೆ ಸಾಲುವಷ್ಟು ಸಾಮಗ್ರಿ ಅಲ್ಲಿಲ್ಲವೆಂಬುದು ವೇಕ್‌ಮನ್ನನ ಆಕ್ಷೇಪವಾಗಿದ್ದಿತು. 1974ರಲ್ಲಿ ಅವನು ತಂಡವನ್ನೇ ಬಿಟ್ಟನು. ಆ ಆಕ್ಷೇಪದಲ್ಲಿ ಹುರುಳಿದೆ. ಅಲ್ಲಲ್ಲಿ ದಿವ್ಯವಾದ ತಾಣಗಳಿದ್ದರೂ, ಒಂದು ಮಗ್ಗುಲಿನಲ್ಲಿ ಸಿದ್ಧಿಸಿದ ಬಿಗಿ ನಾಲ್ಕು ಮಗ್ಗುಲಿನಲ್ಲಿ ಸಡಿಲವಾಯಿತು. ಹಿಂದಿನದರಲ್ಲಿ ಅವಕಾಶವು ಕೃತಿಯನ್ನು ಬೆಳೆಸಿದ್ದಿತು. ಇಲ್ಲಿ ಅವಕಾಶವನ್ನು ತುಂಬುವುದಕ್ಕಾಗಿ ಕೃತಿಯನ್ನು ಹಿಗ್ಗಿಸಬೇಕಾಯಿತು.

1976ರ ವೇಳೆಗೆ ಇಂಗ್ಲೆಂಡಿನಲ್ಲಿ ಪಂಕ್ ಸಂಗೀತ ತಲೆಯೆತ್ತಿತು. ಮೂರು ಸ್ವರಮೇಳ ಬಲ್ಲವನೂ ಹಾಡಬಹುದು, ಎರಡು ನಿಮಿಷದಲ್ಲಿ ಹೇಳುವುದನ್ನು ಹೇಳಿ ಮುಗಿಸಬಹುದು ಎಂಬ ಅದರ ಘೋಷಣೆ, ಭಾರಿ ರಂಗಸಜ್ಜಿಕೆಗಳ ಆಡಂಬರದಿಂದ ಬೇಸತ್ತವರಿಗೆ ನ್ಯಾಯವಾಗಿಯೇ ಹಿಡಿಸಿತು. ಅತಿಯಾದುದು ಉದುರಬೇಕಾಗಿದ್ದಿತು, ಉದುರಿತು. ಆದರೆ ಅದರೊಡನೆ ಕೇಳುಗನ ತಾಳ್ಮೆಯ ಮೇಲೆ ಆ ತರುಣರಿಗಿದ್ದ ವಿಶ್ವಾಸವೂ ಹಳತೆನಿಸಿಕೊಂಡದ್ದು ದುಃಖದ ಸಂಗತಿ. ಸಾಮಾನ್ಯನಾದ ಕೇಳುಗನು ಇಪ್ಪತ್ತು ನಿಮಿಷ ಒಂದೆಡೆ ಕುಳಿತು ಒಂದು ಕೃತಿಯನ್ನು ಹಿಂಬಾಲಿಸಬಲ್ಲನೆಂದು ನಂಬಿ ದುಡಿಯುವುದು ಅವನಿಗೆ ಸಲ್ಲಿಸುವ ದೊಡ್ಡ ಮರ್ಯಾದೆ.

ಈ ಸಂಗೀತದ ಪರಿಚಯವಿಲ್ಲದ ವಾಚಕರು ‘ಕ್ಲೋಸ್ ಟು ದ ಎಡ್ಜ್’ನ ಆ ಮೊದಲ ಮಗ್ಗುಲನ್ನು ಒಮ್ಮೆ ನಡುವೆ ಏಳದೆ ಕೇಳಬೇಕೆಂದು ನನ್ನ ಬಿನ್ನಹ. ಹೆಚ್ಚುಕಡಮೆ ಒಂದು ನಿಮಿಷ ಅಲ್ಲಿ ಹಾಡೂ ಇಲ್ಲ, ತಾಳವೂ ಇಲ್ಲ. ಹಕ್ಕಿ ಮತ್ತು ನೀರು ಮಾತ್ರ. ಬೆರಳು ಮುಂದಿನ ಹಾಡಿಗೆ ಜಾರಲು ತವಕಿಸುವ ಆ ನಿಮಿಷವನ್ನು ಯಾರು ಕಾದು ಕಳೆಯುತ್ತಾರೋ, ಅವರಿಗೆ ಉಳಿದ ಹದಿನೇಳು ನಿಮಿಷ ದೀರ್ಘವೆನಿಸಲಾರದು.